ಹುಚ್ಚಾಸ್ಪತ್ರೆಯಲ್ಲಿದ್ದುಕೊಂಡೇ ಕೇಸ್ ಗೆದ್ದ ನ್ಯಾಯಾಧೀಶ

ಎದುರಾಳಿಯ ಮಾತಿಗೆ ಉತ್ತರ ಹೊಳೆಯದಿದ್ದರೆ ಅವನನ್ನು ನಿಮ್ಹಾನ್ಸ್‌ಗೆ ಸೇರಿಸಬೇಕು ಅಂದುಬಿಡುವುದು ನಮ್ಮ ರಾಜಕಾರಣಿಗಳ ಹಳೇ ಚಾಳಿ. ಇದರಲ್ಲಿ ಪಕ್ಷಭೇದವೇನೂ ಇಲ್ಲ. ಅಂದ್ರೆ, ಮನೋರೋಗ ಬಂದವನ ಮಾತಿಗೆ ಕಿಮ್ಮತ್ತಿಲ್ಲ ಅನ್ನೋದು ಎಲ್ಲರೂ ಒಪ್ಪಿರುವ ಸಂಗತಿ. ಈ ಬೈಗುಳ ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಜರ್ಮನಿಯ ಡೇನಿಯಲ್ ಪಾಲ್ ಶ್ರೇಬರ್. ಮನೋವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಅತಿ ಹೆಚ್ಚು ಚರ್ಚೆಗೊಳಗಾದ ರೋಗಿಗಳಲ್ಲಿ ಈತನೂ ಒಬ್ಬ. ವೃತ್ತಿಯಲ್ಲಿ ನ್ಯಾಯಾಧೀಶ.

ಹುಟ್ಟಿದ್ದು 1842ರಲ್ಲಿ, ಲೈಪ್‌ಜಿಗ್‌ನಲ್ಲಿ. ಮಕ್ಕಳು ನೆಟ್ಟಗೆ ಕೂರಲಿ ಅಂತ ಪಟ್ಟಿ, ಸಲಾಕೆಗಳ ಸಾಧನಗಳನ್ನೇ ರೂಪಿಸಿದ್ದ ಶಿಸ್ತಿನ ಡಾಕ್ಟರು ಆತನ ಅಪ್ಪ. ಅಪ್ಪನ ಕಾಟದಿಂದಲೇ ಮಗನಿಗೆ ತಲೆ ಕೆಟ್ಟಿತು ಅಂತ ಬರೆದವರಿದ್ದಾರೆ. ನನಗೆ ಅದು ತೀರಾ ಸಲೀಸಾದ ವಿವರಣೆ ಅನಿಸುತ್ತೆ. ಸೈಕೋಸಿಸ್‌ಗೆ ಒಂದೇ ಕಾರಣ ಅಂತ ಇರುವುದಿಲ್ಲ. ವಂಶವಾಹಿ, ಒತ್ತಡ, ನಿದ್ದೆಗೇಡು, ಕೆಲವರಲ್ಲಿ ಮಾದಕವಸ್ತು, ಹೀಗೆ ಹಲವು ಸೇರಿಕೊಳ್ಳುತ್ತವೆ.

1884ರಲ್ಲಿ ಶ್ರೇಬರ್ ಜರ್ಮನ್ ಸಂಸತ್ತಿನ ಚುನಾವಣೆಗೆ ನಿಂತ. ಸೋಶಿಯಲ್ ಡೆಮಾಕ್ರಟ್ ಅಭ್ಯರ್ಥಿಯ ಎದುರು ಸೋತ. ಅದರ ಬೆನ್ನಿಗೇ ಮೊದಲ ಸಲ ಕುಸಿದು ಆಸ್ಪತ್ರೆ ಸೇರಿದ, ಕೆಲವು ತಿಂಗಳಲ್ಲಿ ಚೇತರಿಸಿಕೊಂಡು ಮತ್ತೆ ಕೆಲಸಕ್ಕೆ ಮರಳಿದ. ಎಂಟು ವರ್ಷ ಆರಾಮಾಗಿಯೇ ಇದ್ದ. ಮಕ್ಕಳಾಗಲಿಲ್ಲ ಅನ್ನೋ ಕೊರಗು ಮಾತ್ರ ಗಂಡ ಹೆಂಡತಿ ಇಬ್ಬರಿಗೂ ಇತ್ತು.

1893ರಲ್ಲಿ ಡ್ರೆಸ್ಡನ್‌ನ ಮೇಲ್ಮನವಿ ಕೋರ್ಟಿನಲ್ಲಿ ಪೀಠದ ಅಧ್ಯಕ್ಷನಾಗಿ ಬಡ್ತಿ ಸಿಕ್ಕಿತು. ಕೈಕೆಳಗಿನ ಜಡ್ಜ್‌ಗಳಲ್ಲಿ ಹೆಚ್ಚಿನವರು ಆತನಿಗಿಂತ ಹಿರಿಯರು. ಕೆಲಸದ ಹೊರೆ ವಿಪರೀತ. ಮೊದಲು ನಿದ್ದೆ ಹೋಯಿತು. ಆಮೇಲೆ ಗೋಡೆಯೊಳಗಿಂದ ಸದ್ದು, ನಂತರ ಧ್ವನಿಗಳು. ಜಗತ್ತು ಮುಗಿದೇ ಹೋಗಿದೆ, ಸುತ್ತ ಓಡಾಡುವವರೆಲ್ಲ ಅವಸರದಲ್ಲಿ ತಯಾರಿಸಿಟ್ಟ ನೆರಳುಗಳು ಅನಿಸತೊಡಗಿತು. ದೇವರು ಕಿರಣಗಳ ಮೂಲಕ ತನ್ನ ನರಗಳಿಗೇ ಸಂಪರ್ಕ ಇಟ್ಟಿದ್ದಾನೆ, ಹೊಸ ಮನುಕುಲವನ್ನು ಹೆರಲಿಕ್ಕೆ ತನ್ನನ್ನು ಹೆಣ್ಣಾಗಿ ಮಾರ್ಪಡಿಸುತ್ತಿದ್ದಾನೆ ಅಂತ ನಂಬಿದ.

ಇದನ್ನು ಓದಿ ನಗು ಬರಬಹುದು. ಆದ್ರೆ ಸೈಕೋಸಿಸ್ ಅಂದರೆ ಇದೇ. ಇಲ್ಲದ ಧ್ವನಿ ನಿಮಗೆ ಈ ಸಾಲುಗಳು ಕಾಣುವಷ್ಟೇ ನಿಜವಾಗಿ ಕೇಳುತ್ತೆ, ಮತ್ತು ಅದಕ್ಕೊಂದು ಅರ್ಥ ಹುಡುಕದೆ ಮನಸ್ಸು ಸುಮ್ಮನಿರಲ್ಲ. ಅದು ನಾಟಕವೂ ಅಲ್ಲ, ಬುದ್ಧಿ ಕಮ್ಮಿಯಾಗಿರುವುದೂ ಅಲ್ಲ. ಆಗ ಇದಕ್ಕೆ ಸರಿಯಾದ ಔಷಧಿ ಇರಲಿಲ್ಲ. ಮೊದಲ ಪರಿಣಾಮಕಾರಿ ಔಷಧಿ ಕ್ಲೋರ್‌ಪ್ರೊಮಜೀನ್ ಬಳಕೆಗೆ ಬಂದದ್ದು 1950ರ ದಶಕದಲ್ಲಿ. ಶ್ರೇಬರ್‌ಗೆ ಸಿಕ್ಕಿದ್ದು ನಿದ್ದೆ ಬರಿಸುವ ಮದ್ದು ಮತ್ತು ಬೀಗ. ಪಿರ್ನಾ ಊರಿನಲ್ಲಿ, ಎಲ್ಬ್ ನದಿಯ ಮೇಲಿನ ಜೋನೆನ್‌ಸ್ಟೈನ್ ಕೋಟೆಯಲ್ಲಿದ್ದ ಸರ್ಕಾರಿ ಆಸ್ಪತ್ರೆಯಲ್ಲಿ ಸುಮಾರು ಎರಡೂವರೆ ವರ್ಷ ಆತನ ರಾತ್ರಿಗಳು ಕಳೆದದ್ದು ಗೋಡೆಗೆ ಮೆತ್ತೆ ಬಡಿದ ಕೋಣೆಯಲ್ಲಿ.

ಧ್ವನಿಗಳು ಪೂರ್ತಿ ನಿಲ್ಲಲೇ ಇಲ್ಲ. ಆದರೂ ನಿಧಾನಕ್ಕೆ ಆತ ಪಿಯಾನೋ ನುಡಿಸತೊಡಗಿದ, ಚೆಸ್ ಆಡಿದ, ಸೂಪರಿಂಟೆಂಡೆಂಟ್ ಡಾ. ವೆಬರ್ ಮನೆಯ ಊಟದ ಮೇಜಿನಲ್ಲಿ ಕೂತು ಕಾನೂನು, ರಾಜಕೀಯ, ಕಲೆ ಎಲ್ಲವನ್ನೂ ಚೊಕ್ಕವಾಗಿ ಮಾತಾಡಿದ. ಅಷ್ಟಾಗಿಯೂ 1900ರಲ್ಲಿ ಕೋರ್ಟು ಆತನನ್ನು ಕಾನೂನಿನ ಪ್ರಕಾರ ಅಸಮರ್ಥ ಅಂತ ಘೋಷಿಸಿತು. ಸ್ವಂತ ಹಣ, ಸಹಿ, ಎಲ್ಲಿ ಬದುಕಬೇಕೆನ್ನುವ ತೀರ್ಮಾನ, ಯಾವುದೂ ಆತನ ಕೈಯಲ್ಲಿ ಉಳಿಯಲಿಲ್ಲ.

ಶ್ರೇಬರ್ ಮೇಲ್ಮನವಿ ಹಾಕಿದ. ಅದಕ್ಕೆ ಬೇಕಾದ ವಾದಗಳನ್ನು ಆಸ್ಪತ್ರೆಯಲ್ಲಿ ಕೂತು ತಾನೇ ಬರೆದ. ನನಗೆ ಈ ಕತೆಯಲ್ಲಿ ಮುಖ್ಯ ಅನಿಸುವುದು ಆ ವಾದವೇ. ತನ್ನ ನಂಬಿಕೆಗಳಲ್ಲಿ ಒಂದನ್ನೂ ಆತ ಬಿಟ್ಟುಕೊಡಲಿಲ್ಲ. ಬಿಡುಗಡೆಗಾಗಿ ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಡಾಕ್ಟರ ಮಾತೇ ಸರಿ ಅಂತ ಇಟ್ಟುಕೊಂಡರೂ ಕಾನೂನು ಕೇಳುವ ಪ್ರಶ್ನೆ ಬೇರೆ ಅಂದ: ಈ ಮನುಷ್ಯನಿಗೆ ತನ್ನ ವ್ಯವಹಾರ ನೋಡಿಕೊಳ್ಳಲು ಆಗುತ್ತದೋ ಇಲ್ಲವೋ? 1902ರ ಜುಲೈ 14ರಂದು ಡ್ರೆಸ್ಡನ್‌ನ ಮೇಲ್ಮನವಿ ಕೋರ್ಟು, ಅಂದ್ರೆ ಒಂಬತ್ತು ವರ್ಷದ ಹಿಂದೆ ಆತನೇ ಪೀಠದಲ್ಲಿ ಕೂತಿದ್ದ ಕೋರ್ಟು, ಇದನ್ನು ಒಪ್ಪಿತು. ಆತನಿಗೆ ಮನೋರೋಗ ಇರುವುದರಲ್ಲಿ ಜಡ್ಜ್‌ಗಳಿಗೆ ಸಂಶಯವಿರಲಿಲ್ಲ. ಹಕ್ಕು ಕಿತ್ತುಕೊಳ್ಳಲು ಅದೊಂದೇ ಸಾಲದು ಅಂದರು.

ನಮ್ಮಲ್ಲಿ ಇದೇ ತತ್ವ ಕಾನೂನಿನ ಪುಸ್ತಕದಲ್ಲಿ ಸ್ಪಷ್ಟವಾಗಿ ಬಂದದ್ದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ. ಮನೋರೋಗ ಇದೆ ಅನ್ನೋ ಮಾತ್ರಕ್ಕೆ ಯಾರನ್ನೂ ಬುದ್ಧಿ ಸ್ವಾಧೀನದಲ್ಲಿಲ್ಲದವರು ಅಂತ ಪರಿಗಣಿಸುವ ಹಾಗಿಲ್ಲ, ಅದನ್ನು ಕೋರ್ಟೇ ಘೋಷಿಸಬೇಕು. ಹಾಗೆ ಘೋಷಣೆಯಾದರೆ ಇವತ್ತಿಗೂ ವೋಟರ್ ಲಿಸ್ಟಿನಿಂದ ಹೆಸರು ಹೋಗುತ್ತೆ. ಪ್ರಜಾಪ್ರಭುತ್ವದ ಬಗ್ಗೆ ಮಾತಾಡುವ ನಾವು ಇದನ್ನು ಎಷ್ಟು ಸಲ ಚರ್ಚೆ ಮಾಡಿದ್ದೇವೆ?

ಬಿಡುಗಡೆಯಾದ ಮರುವರ್ಷ ಶ್ರೇಬರ್ ತನ್ನ ಅನುಭವದ ಪುಸ್ತಕ ಪ್ರಕಟಿಸಿದ. ಹೆಂಡತಿಯ ಜೊತೆ ಮನೆ ಮಾಡಿದ, ಒಬ್ಬ ಹುಡುಗಿಯನ್ನು ದತ್ತು ತೆಗೆದುಕೊಂಡ. 1907ರಲ್ಲಿ ತಾಯಿ ತೀರಿಕೊಂಡರು, ಹೆಂಡತಿಗೆ ಪಾರ್ಶ್ವವಾಯು ಬಡಿಯಿತು. ಶ್ರೇಬರ್ ಮತ್ತೆ ಕುಸಿದ. ಈ ಸಲ ಮರಳಿ ಬರಲಿಲ್ಲ; 1911ರಲ್ಲಿ ಲೈಪ್‌ಜಿಗ್ ಹತ್ತಿರದ ಆಸ್ಪತ್ರೆಯಲ್ಲಿ ತೀರಿಕೊಂಡ. ಅದೇ ವರ್ಷ ಫ್ರಾಯ್ಡ್ ಆತನನ್ನು ಒಮ್ಮೆಯೂ ಭೇಟಿಯಾಗದೆ, ಬರೀ ಪುಸ್ತಕ ಓದಿ, ಅದುಮಿಟ್ಟ ಸಲಿಂಗಕಾಮವೇ ರೋಗದ ಮೂಲ ಅಂತ ಬರೆದು ಆತನನ್ನು ಜಗತ್ಪ್ರಸಿದ್ಧ ಮಾಡಿದ. ಮುಂದೆ ಕನೆಟ್ಟಿ ಅದೇ ಪುಸ್ತಕದಲ್ಲಿ ಸರ್ವಾಧಿಕಾರಿಯ ಮನಸ್ಸನ್ನು ಕಂಡ. ಎಲ್ಲರಿಗೂ ತಂತಮ್ಮ ಥಿಯರಿಗೆ ಆತ ಬೇಕಾಗಿದ್ದ. ಆತ ಹೂಡಿ ಗೆದ್ದ ಕೇಸಿನ ಬಗ್ಗೆ ಇವರಿಗೆ ಅಷ್ಟು ಆಸಕ್ತಿ ಇದ್ದಂತೆ ಕಾಣುವುದಿಲ್ಲ.

ಜೋನೆನ್‌ಸ್ಟೈನ್ ಆಸ್ಪತ್ರೆ 1939ರಲ್ಲಿ ಮುಚ್ಚಿತು. 1940ರಲ್ಲಿ ನಾಜಿಗಳು ಅಲ್ಲಿನ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ಗ್ಯಾಸ್ ಚೇಂಬರ್ ಕಟ್ಟಿದರು. 1941ರ ಆಗಸ್ಟ್‌ವರೆಗೆ 13,700ಕ್ಕೂ ಹೆಚ್ಚು ಮನೋರೋಗಿಗಳನ್ನು, ಅಂಗವಿಕಲರನ್ನು ಅಲ್ಲಿ ಕೊಂದರು. ಆ ಜನರಿಗೆ ಮೇಲ್ಮನವಿ ಹಾಕಲು ಯಾವ ಕೋರ್ಟೂ ಇರಲಿಲ್ಲ.