ಬೆಳಕಿನ ಮೊದಲ ಎಳೆ

ಕೊಪ್ಪಳಕ್ಕೆ ಸಮೀಪದ ಮುನಿರಾಬಾದಿನಲ್ಲಿ ತುಂಗಭದ್ರೆಯ ನೀರಿನಿಂದ ವಿದ್ಯುತ್ತು ಉತ್ಪನ್ನವಾಗುತ್ತದೆ. ಗಂಗಾವತಿಯ ಅಕ್ಕಿಯ ಗಿರಣಿಗಳಿಗೂ ಕುಷ್ಟಗಿ, ಯಲಬುರ್ಗಾಗಳ ಕೊಳವೆಬಾವಿಗಳಿಗೂ ಶಕ್ತಿಯನ್ನು ಒಯ್ಯುವುದು ನಾಡಿನುದ್ದಕ್ಕೂ ಹೆಣೆದುಕೊಂಡಿರುವ ತಂತಿಜಾಲ. ಕನ್ನಡ ನಾಡಿನಲ್ಲಿ ಇಂತಹ ಜಾಲದ ಮೊದಲ ಎಳೆಗೆ ಕಾರಣರಾದವರು ಮೈಸೂರಿನ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು.

1845ರಲ್ಲಿ ಪಾಲಕ್ಕಾಡು ಸೀಮೆಯಲ್ಲಿ ಜನಿಸಿದ ಅವರು ಮದರಾಸಿನಲ್ಲಿ ಪದವಿ ಪಡೆದು, 1868ರಲ್ಲಿ ಮೈಸೂರಿನ ಸೇವೆಗೆ ಬಂದರು. 1883ರಲ್ಲಿ ರಂಗಾಚಾರ್ಲು ಅವರು ನಿಧನರಾದ ಬಳಿಕ ದಿವಾನ ಪದವಿಗೇರಿ, ಹದಿನೆಂಟು ವರ್ಷ ಆಡಳಿತ ನಡೆಸಿದರು. ರೈಲುಮಾರ್ಗಗಳು ಬೆಳೆದುವು, ಮಾರಿಕಣಿವೆಯ ಅಣೆಕಟ್ಟಿನ ಕೆಲಸ ಆರಂಭವಾಯಿತು.

ಆ ಕಾಲದಲ್ಲಿ ಕೋಲಾರದ ಚಿನ್ನದ ಗಣಿಗಳು ಆಳಕ್ಕಿಳಿಯುತ್ತಿದ್ದುವು. ಅಲ್ಲಿಯ ಉಗಿಯಂತ್ರಗಳಿಗೆ ಎಷ್ಟು ಉರುವಲಾದರೂ ಸಾಲದು. ಇತ್ತ ಶಿವನಸಮುದ್ರದಲ್ಲಿ ಕಾವೇರಿ ವ್ಯರ್ಥವಾಗಿ ಧುಮುಕುತ್ತಿದ್ದಳು. ನಡುವಣ ಅಂತರ ಸುಮಾರು 147 ಕಿಲೋಮೀಟರು! ಅಷ್ಟು ದೂರಕ್ಕೆ ವಿದ್ಯುತ್ತನ್ನು ಸಾಗಿಸಿದ ನಿದರ್ಶನ ಲೋಕದಲ್ಲಿಯೇ ಅಪರೂಪವಾಗಿತ್ತು. ಹಣ ಬೊಕ್ಕಸದ್ದು, ಸೋತರೆ ಅಪವಾದ ದಿವಾನರದು. ಆದರೂ ಅವರು ಹಿಂಜರಿಯಲಿಲ್ಲ. ಜಾಲಿ ಡಿ ಲಾಟ್‌ಬಿನಿಯರ್ ಎಂಬ ಎಂಜಿನಿಯರನ್ನು ಯೂರೋಪು, ಅಮೆರಿಕಗಳಿಗೆ ಕಳುಹಿಸಿ ಅಲ್ಲಿಯ ವಿದ್ಯುದಾಗಾರಗಳನ್ನು ಪರಿಶೀಲಿಸುವಂತೆ ಮಾಡಿದರು. ಗಣಿಯವರೊಡನೆ ಕರಾರು ಮಾಡಿಕೊಂಡ ಮೇಲೆಯೇ ಕೆಲಸಕ್ಕೆ ಕೈಹಾಕಿದರು.

ಆ ಮಾರ್ಗದ ಆಕಾರ ಸರಳ: ಒಂದು ತುದಿಯಲ್ಲಿ ಜಲಪಾತ, ಮತ್ತೊಂದರಲ್ಲಿ ಗಣಿ. ಆದರೆ ವಿದ್ಯುತ್ತು ಕೆರೆಯ ನೀರಿನಂತೆ ತಂತಿಯಲ್ಲಿ ತುಂಬಿಟ್ಟುಕೊಳ್ಳುವ ವಸ್ತುವಲ್ಲ. ಬಳಕೆ ಎಷ್ಟೋ ಉತ್ಪಾದನೆಯೂ ಆ ಕ್ಷಣಕ್ಕೆ ಅಷ್ಟೇ ಇರಬೇಕು. ಆದುದರಿಂದ ಶಕ್ತಿಯನ್ನು ಒಯ್ಯುವ ತಂತಿಯಷ್ಟೇ ಸುದ್ದಿಯನ್ನು ಒಯ್ಯುವ ಹಾದಿಯೂ ಮುಖ್ಯ. ಊರುಗಳು ಹೆಚ್ಚಿದಂತೆ ಈ ಹಾದಿಗಳೂ ಕವಲೊಡೆಯುತ್ತವೆ. ಇಂದಿನ ಎಂಜಿನಿಯರುಗಳು ವಿದ್ಯುತ್ ಕೇಂದ್ರಗಳನ್ನು ಚುಕ್ಕಿಗಳಾಗಿಯೂ ಸಂಪರ್ಕಗಳನ್ನು ಗೆರೆಗಳಾಗಿಯೂ ಗಣಕಯಂತ್ರದಲ್ಲಿ ಬರೆದು, ಒಂದೊಂದೇ ಗೆರೆಯನ್ನು ಅಳಿಸಿ ನೋಡುತ್ತಾರೆ. ಕೊಪ್ಪಳ, ಕುಷ್ಟಗಿಗಳ ನಡುವಣ ಸಂಪರ್ಕ ಕಡಿದರೆ, ಕುಷ್ಟಗಿಯ ಸುದ್ದಿ ಯಲಬುರ್ಗಾದ ಮೂಲಕ ಬರಬಲ್ಲುದೇ? ಅಂತಹ ಎರಡನೆಯ ಹಾದಿಯಿಲ್ಲದ ಚುಕ್ಕಿ ನಕ್ಷೆಯಲ್ಲಿ ಒಂಟಿಯಾಗಿ ಉಳಿಯುತ್ತದೆ. ಮಗ್ಗಿಯಷ್ಟು ಸುಲಭವಾಗಿ ತೋರುವ ಈ ಲೆಕ್ಕ, ಚುಕ್ಕಿಗಳು ಸಾವಿರವಾದಾಗ ಬಹಳ ಕಠಿನ.

ಶೇಷಾದ್ರಿ ಅಯ್ಯರ್ ಅವರ ಆರೋಗ್ಯ ಕೆಟ್ಟಿತು. 1901ರಲ್ಲಿ ಅವರು ನಿವೃತ್ತರಾದರು. ಅದೇ ವರ್ಷದ ಸೆಪ್ಟೆಂಬರ್ 13ರಂದು ಕಾಲವಾದರು. ಕಾವೇರಿಯ ಶಕ್ತಿ ಕೋಲಾರವನ್ನು ಮುಟ್ಟಿದ್ದು 1902ರ ಜೂನ್ 30ರಂದು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದುವು.