2520 ರಾಮಾನುಜನ್ ಕಂಡುಹಿಡಿದ ವಿಚಿತ್ರ ಸಂಖ್ಯೆಯೇ? ಅವರ ಪಟ್ಟಿಯಿಂದಲೇ ತಪ್ಪಿಹೋದ ಸಂಖ್ಯೆ ಯಾವುದು ಗೊತ್ತೇ?

1ರಿಂದ 10ರವರೆಗಿನ ಎಲ್ಲ ಸಂಖ್ಯೆಗಳಿಂದಲೂ ಶೇಷವಿಲ್ಲದೆ ಭಾಗವಾಗುವ 2520 ಎಂಬ ವಿಚಿತ್ರ ಸಂಖ್ಯೆಯನ್ನು ಶ್ರೀನಿವಾಸ ರಾಮಾನುಜನ್ ಕಂಡುಹಿಡಿದರು ಎಂಬ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ವಾರದ 7 ದಿನ, ತಿಂಗಳ 30 ದಿನ, ವರ್ಷದ 12 ತಿಂಗಳು ಗುಣಿಸಿದರೆ ಇದೇ ಸಂಖ್ಯೆ ಬರುತ್ತದೆ, ಅದೇ ಅದರ ಗುಟ್ಟು ಎಂದೂ ಅದರಲ್ಲಿದೆ.

ಲೆಕ್ಕವೇನೋ ಸರಿ. ಆದರೆ 2520 ಎಂಬುದು 1ರಿಂದ 10ರವರೆಗಿನ ಸಂಖ್ಯೆಗಳ ಲ.ಸಾ.ಅ. ಅಷ್ಟೇ. ಲ.ಸಾ.ಅ. ಕಂಡುಹಿಡಿಯುವ ವಿಧಾನ ಎರಡು ಸಾವಿರ ವರ್ಷಗಳ ಹಿಂದೆಯೇ ಯೂಕ್ಲಿಡ್‌ಗೆ ಗೊತ್ತಿತ್ತು. ಕ್ಯಾಲೆಂಡರ್ ಲೆಕ್ಕ ಬರೀ ಕಾಕತಾಳೀಯ. ಎಲ್ಲ ತಿಂಗಳಿಗೂ 30 ದಿನ ಇರುವುದಿಲ್ಲವಲ್ಲ!

ಹಾಗಾದರೆ ರಾಮಾನುಜನ್ ನಿಜಕ್ಕೂ ಮಾಡಿದ್ದೇನು?

1887ರ ಡಿಸೆಂಬರ್ 22ರಂದು ಈರೋಡಿನಲ್ಲಿ ಹುಟ್ಟಿದ ಅವರು ಬೆಳೆದದ್ದು ಕುಂಭಕೋಣದಲ್ಲಿ. ಗಣಿತ ಬಿಟ್ಟು ಉಳಿದ ವಿಷಯಗಳಲ್ಲಿ ಫೇಲಾಗಿ ಕಾಲೇಜಿನ ವಿದ್ಯಾರ್ಥಿವೇತನ ಕಳೆದುಕೊಂಡರು. ಕಾಗದ ದುಬಾರಿಯಾದ್ದರಿಂದ ಸ್ಲೇಟಿನ ಮೇಲೆ ಲೆಕ್ಕ ಮಾಡಿ, ಮೊಣಕೈಯಿಂದ ಒರೆಸುತ್ತಿದ್ದರು. 1912ರಲ್ಲಿ ಮದ್ರಾಸ್ ಬಂದರಿನ ಕಚೇರಿಯಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತರಾದರು. ಮರುವರ್ಷ ಕೇಂಬ್ರಿಜ್‌ನ ಹಾರ್ಡಿಯವರಿಗೆ ಬರೆದ ಪತ್ರ ಅವರ ಬದುಕನ್ನೇ ಬದಲಿಸಿತು. 1914ರಲ್ಲಿ ಇಂಗ್ಲೆಂಡಿಗೆ ಹೊರಟರು.

1915ರಲ್ಲಿ ಅವರು ಹೈಲಿ ಕಾಂಪೋಸಿಟ್ ಸಂಖ್ಯೆಗಳ ಬಗ್ಗೆ ದೀರ್ಘ ಪ್ರಬಂಧ ಪ್ರಕಟಿಸಿದರು. ತನಗಿಂತ ಚಿಕ್ಕದಾದ ಯಾವ ಸಂಖ್ಯೆಗೂ ಇಲ್ಲದಷ್ಟು ಭಾಜಕಗಳಿರುವ ಸಂಖ್ಯೆಗೆ ಈ ಹೆಸರು. 12ಕ್ಕೆ 1, 2, 3, 4, 6, 12 ಎಂಬ ಆರು ಭಾಜಕಗಳಿವೆ. 12ಕ್ಕಿಂತ ಚಿಕ್ಕ ಸಂಖ್ಯೆಗಳಲ್ಲಿ ಯಾವುದಕ್ಕೂ ಆರಿಲ್ಲ. 2520ಕ್ಕೆ 48 ಭಾಜಕಗಳು. ಅದೂ ಈ ಗುಂಪಿನದೇ, ಆದರೆ ನೂರಕ್ಕೂ ಹೆಚ್ಚಿನವುಗಳಲ್ಲಿ ಒಂದು ಮಾತ್ರ.

ಕಂಪ್ಯೂಟರ್ ಇಲ್ಲದ ಕಾಲದಲ್ಲಿ ರಾಮಾನುಜನ್ ಈ ಪಟ್ಟಿಯನ್ನು 6746328388800ರವರೆಗೆ ಕೊಂಡೊಯ್ದರು. ಅದರಲ್ಲಿ ಒಂದೇ ಒಂದು ಸಂಖ್ಯೆ ಬಿಟ್ಟುಹೋಯಿತು: 293318625600. ಇದಕ್ಕೆ 5040 ಭಾಜಕಗಳಿವೆ. ಮೊಬೈಲಿನ ಕ್ಯಾಲ್ಕ್ಯುಲೇಟರ್ ತೆರೆದು ಇದನ್ನು 23ರಿಂದ ಗುಣಿಸಿ ನೋಡಿ, ಅವರ ಪಟ್ಟಿಯ ಕೊನೆಯ ಸಂಖ್ಯೆಯೇ ಬರುತ್ತದೆ!

ಈ ಸಂಶೋಧನೆಗಾಗಿ 1916ರಲ್ಲಿ ಕೇಂಬ್ರಿಜ್ ಅವರಿಗೆ ಪದವಿ ಕೊಟ್ಟಿತು. 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. ಅಷ್ಟರಲ್ಲಿ ಆರೋಗ್ಯ ಕೆಟ್ಟಿತ್ತು. 1919ರಲ್ಲಿ ಊರಿಗೆ ಮರಳಿದ ಅವರು 1920ರ ಏಪ್ರಿಲ್ 26ರಂದು ತೀರಿಕೊಂಡರು. ಆಗ ಅವರಿಗೆ ಕೇವಲ 32 ವರ್ಷ.

ಬಿಟ್ಟುಹೋದ ಸಂಖ್ಯೆಯಿಂದ ರಾಮಾನುಜನ್ ಸಣ್ಣವರಾಗಲಿಲ್ಲ. ಬರೆದವರು ರಾಮಾನುಜನ್ ಎಂದು ಸುಮ್ಮನಾಗದೆ ಬೇರೆಯವರು ಮತ್ತೆ ಲೆಕ್ಕ ಹಾಕಿದ್ದರಿಂದಲೇ ಅದು ಸಿಕ್ಕಿತು. ಅವರ ಪಟ್ಟಿಯನ್ನೇ ಪರೀಕ್ಷಿಸಿದ ಮೇಲೆ, ಅವರ ಹೆಸರಲ್ಲಿ ಬರುವ ಫಾರ್ವರ್ಡನ್ನು ನಾವು ಪರೀಕ್ಷಿಸಬಾರದೇ? 2520ರ ಸಂದೇಶ ಮತ್ತೆ ಬಂದರೆ, ಕಳಿಸಿದವರಿಗೆ ಈ ಕಥೆಯನ್ನೂ ಕಳಿಸಿ.