ದೊಡ್ಡಸ್ವಾಮಿ ಅಬ್ಬೆ ದುಬ್ವಾರವರು

ನಮ್ಮ ಕೊಪ್ಪಳದ ಕೋಟೆಯನ್ನು ನಿಜಾಮರ ಸೈನ್ಯವೂ ಇಂಗ್ಲಿಷರ ಪಡೆಯೂ 1790ರಲ್ಲಿ ಮುತ್ತಿ, 1791ರ ಏಪ್ರಿಲಿನಲ್ಲಿ ವಶಪಡಿಸಿಕೊಂಡವು. ಅದೇ ಕಾಲಕ್ಕೆ ದಖ್ಖನ್ ಸೀಮೆಯನ್ನು ಘೋರ ಕ್ಷಾಮವೊಂದು ಕವಿಯಿತು. ಹೂಳುವವರಿಲ್ಲದೆ ಬಿದ್ದ ತಲೆಬುರುಡೆಗಳಿಂದಲೇ ಅದಕ್ಕೆ ಹೆಸರು ಬಂದಿತು. ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಬರಗಾಲವನ್ನು ಹಿರಿಯರ ಬಾಯಿಂದ ಕೇಳಿ ಬಲ್ಲ ನಮ್ಮ ಭಕ್ತಾದಿಗಳಿಗೆ, ದಂಡು ಹೋದರೂ ಹಸಿವು ಉಳಿಯುವುದೆಂಬುದನ್ನು ಹೇಳಿಕೊಡಬೇಕಾಗಿಲ್ಲ. ಮೈಸೂರು ಯುದ್ಧಗಳ ಆ ಸರಣಿ ಮುಗಿದಾಗ ಶ್ರೀರಂಗಪಟ್ಟಣಕ್ಕೆ ಬಂದ ಗುರುಗಳೊಬ್ಬರ ಜೀವನವನ್ನು ಈ ಶತಮಾನೋತ್ಸವದ ಸಂಚಿಕೆಯಲ್ಲಿ ಸ್ಮರಿಸುವುದು ಉಚಿತವೆಂದು ನಮಗೆ ತೋರಿತು.

ಜಾನ್ ಅಂತ್ವಾನ್ ದುಬ್ವಾರವರು ಫ್ರಾನ್ಸಿನ ದಕ್ಷಿಣ ಭಾಗದವರು, 1765ರಲ್ಲಿ ಜನಿಸಿದವರು. 1792ರಲ್ಲಿ ಗುರುಪಟ್ಟ ಪಡೆದು, ಕ್ರಾಂತಿಯ ಕಿಚ್ಚಿನಲ್ಲಿದ್ದ ತಾಯ್ನಾಡನ್ನು ಬಿಟ್ಟು, ಪ್ಯಾರಿಸ್ ವಿದೇಶಿ ಮಿಷನ್ ಸಂಘದ ಮೂಲಕ ಪುದುಚೇರಿಗೆ ಬಂದರು. ಜನರ ಉಡುಪು, ಊಟ, ನಡೆನುಡಿಗಳನ್ನೇ ತಮ್ಮದಾಗಿಸಿಕೊಂಡು ತಮಿಳು ಸೀಮೆಯಲ್ಲಿ ಕೆಲವು ವರ್ಷ ಸೇವೆ ಸಲ್ಲಿಸಿದರು.

1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು. ಆ ರಾತ್ರಿ ನಡೆದ ಸುಲಿಗೆಗೆ ಮಿತಿಯಿರಲಿಲ್ಲ. ಮರುದಿನ ಅಧಿಕಾರ ವಹಿಸಿಕೊಂಡ ಕರ್ನಲ್ ವೆಲ್ಲೆಸ್ಲಿಯವರು ಸುಲಿಗೆಕೋರ ಸೈನಿಕರಲ್ಲಿ ಕೆಲವರನ್ನು ಗಲ್ಲಿಗೇರಿಸಿದ ಮೇಲೆಯೇ ಜನರು ಮನೆಗಳಿಗೆ ಮರಳಿದರು, ಪೇಟೆಯ ಅಂಗಡಿಗಳು ತೆರೆದವು. ದಿವಾನ್ ಪೂರ್ಣಯ್ಯನವರು ಕೆರೆಕಾಲುವೆಗಳ ದುರಸ್ತಿಗೆ ಕೈಹಾಕಿದರು. ಆದರೆ ಅಂಗಡಿಯಲ್ಲಿ ಧಾನ್ಯವಿದ್ದ ಮಾತ್ರಕ್ಕೆ ಕೊಳ್ಳಲು ಕಾಸಿಲ್ಲದವನ ಹೊಟ್ಟೆ ತುಂಬೀತೇ? 1784ರಲ್ಲಿ ಕೆನರಾದಿಂದ ಸೆರೆಯಾಗಿ ಬಂದವರೂ ಸೇರಿ, ಚದುರಿಹೋದ ಕ್ರೈಸ್ತರ ಸ್ಥಿತಿ ಅಂತಹುದಾಗಿತ್ತು.

ದುಬ್ವಾರವರು ಅವರನ್ನು ಒಟ್ಟುಗೂಡಿಸಲು ಮೈಸೂರು ಸೀಮೆಗೆ ಬಂದರು. ಅವರ ಕಾರ್ಯಗಳಲ್ಲಿ ನಾವು ಅತ್ಯಂತ ಹಿರಿದೆಂದು ಎಣಿಸುವುದು ಬೇಸಾಯದ ನೆಲೆಗಳ ಸ್ಥಾಪನೆಯನ್ನು. ಗಂಜಿ ಹಂಚಿದರೆ ಆ ದಿನ ಕಳೆಯುತ್ತದೆ. ಮರುದಿನ ಅದೇ ಸಾಲು, ಅದೇ ಕೈ. ದುಬ್ವಾರವರು ಹಾಸನದ ಬಳಿಯ ಸಾತಳ್ಳಿಯಲ್ಲಿ ಬಡ ಕುಟುಂಬಗಳನ್ನು ನೆಲೆಗೊಳಿಸಿ, ಅವರ ಕೈಗೆ ನೇಗಿಲು ಕೊಟ್ಟರು. ಬೆಳೆಯುವವನು ಬದುಕಿರಬೇಕಲ್ಲವೇ? ಸಿಡುಬು ಮನೆಮನೆಗಳನ್ನೇ ಬರಿದು ಮಾಡುತ್ತಿದ್ದ ಕಾಲವದು. ಜೆನ್ನರರು ದಾಕು ಹಾಕುವ ಕ್ರಮವನ್ನು ಪ್ರಕಟಿಸಿ ಆರು ವರ್ಷವೂ ತುಂಬಿರದ 1803-04ರಲ್ಲಿ, ದುಬ್ವಾರವರ ಪ್ರಯತ್ನದಿಂದ 25,432 ಮಂದಿಗೆ ದಾಕು ಹಾಕಲಾಯಿತೆಂದು ದಾಖಲೆಯಿದೆ. ಜನರು ಅವರನ್ನು ದೊಡ್ಡಸ್ವಾಮಿಯವರೆಂದು ಕರೆದದ್ದು ಬರಿಯ ಉಪಚಾರಕ್ಕಲ್ಲ.

ಹಿಂದೂಗಳ ಆಚಾರವ್ಯವಹಾರಗಳನ್ನು ಕುರಿತ ಅವರ ಗ್ರಂಥವನ್ನು ಕಂಪನಿ ಸರ್ಕಾರ ಕೊಂಡುಕೊಂಡು 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿತು. ಅದರಲ್ಲಿನ ಅನೇಕ ತೀರ್ಪುಗಳು ಕಠೋರವಾದವು, ನಾವು ಒಪ್ಪಲಾರೆವು. ತಮ್ಮ ಧರ್ಮಪ್ರಚಾರದ ಬಗ್ಗೆಯೂ ಅವರು ಅಷ್ಟೇ ಕಠೋರರಾಗಿದ್ದರು. 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಪತ್ರಗಳಲ್ಲಿ ಅದು ನಿಷ್ಫಲವಾಯಿತೆಂದೇ ಬರೆದುಕೊಂಡರು. ಅದನ್ನು ಓದಿದಾಗ ಗುರುಗಳಾದ ನಮಗೆ ಮನಸ್ಸು ಭಾರವಾಗುತ್ತದೆ.

1823ರ ಜನವರಿಯಲ್ಲಿ ಭಾರತವನ್ನು ಬಿಟ್ಟ ಅವರು ಮರಳಿ ಬರಲಿಲ್ಲ. ಪ್ಯಾರಿಸಿನಲ್ಲಿ ತಮ್ಮ ಸಂಘದ ಶ್ರೇಷ್ಠರಾಗಿಯೂ ದುಡಿದು, 1848ರ ಫೆಬ್ರವರಿ 17ರಂದು ದೈವಾಧೀನರಾದರು. ಸಾತಳ್ಳಿಯ ಒಕ್ಕಲುಗಳಾದರೋ ಅಲ್ಲಿಯೇ ಬೇರೂರಿ ನಿಂತರು.